ತಾರಣ ಸಂವತ್ಸರ ಅಂದ್ರೆ ಯಾವ ಇಸವಿ?

ಬೀರೂರಿನ ಮನೆಯ ಅಟ್ಟ ಗುಡಿಸುವಾಗ ಟ್ರಂಕಿನ ತಳದಲ್ಲಿ ಒಂದು ಪಾಲುಪಟ್ಟಿ ಸಿಕ್ಕಿತು. ಅಲ್ಲಿಂದ ನನಗೆ ವಂಶವೃಕ್ಷದ ಹುಚ್ಚು ಹಿಡಿದದ್ದು.

ಮೊದಲು ದೊಡ್ಡಪ್ಪನ ಹತ್ತಿರ ಕೂತೆ. ಇಸವಿ ಕೇಳಿದರೆ ಅವರಿಗೆ ರೇಗುತ್ತದೆ. ‘ಗಾಂಧಿ ಸತ್ತಾಗ ನಿಮ್ಮ ಅಜ್ಜಿ ಇದ್ರಾ?’ ಅಂತ ಕೇಳಿದರೆ ಮಾತ್ರ ಮಾತು ಹೊರಡುತ್ತದೆ. ಆಮೇಲೆ ಶಾಲೆಯ ದಾಖಲಾತಿ ಪುಸ್ತಕ ನೋಡಿದೆ. ಅಪ್ಪ, ಚಿಕ್ಕಪ್ಪ, ಅತ್ತೆ ಮೂವರೂ ಜೂನ್ 1ಕ್ಕೆ ಹುಟ್ಟಿದ್ದಾರೆ! ಮೇಷ್ಟ್ರು ಅಂದಾಜಿಗೆ ಬರೆದುಕೊಂಡದ್ದು ಅಷ್ಟೇ, ಆ ತಾರೀಕು ನಂಬಬೇಡಿ.

ಹೆಚ್ಚು ಕೆಲಸಕ್ಕೆ ಬಂದಿದ್ದು ಹಳೇ ಪಹಣಿ. ಕಡೂರಿನ ತಾಲ್ಲೂಕು ಕಚೇರಿಯಲ್ಲಿ ಅರ್ಜಿ ಹಾಕಿ ನಕಲು ತೆಗೆಸಿದೆ. ಸರ್ವೆ ನಂಬರ್ ಗೊತ್ತಿರಬೇಕು, ಬರೀ ಹೆಸರು ಹೇಳಿದರೆ ಯಾರೂ ಹುಡುಕಿಕೊಡಲ್ಲ. ಅದರಲ್ಲಿ ‘ಬಿನ್’ ಅಂದರೆ ಇಂಥವರ ಮಗ, ‘ಕೋಂ’ ಅಂದರೆ ಇಂಥವರ ಹೆಂಡತಿ. ಅಜ್ಜಿಯ ಅತ್ತೆಯ ಹೆಸರು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ಒಂದು ‘ಕೋಂ’ ಹಿಂದೆ ಸಿಕ್ಕಿತು.

ತೊಡಕು ಶುರುವಾಗಿದ್ದು ಪಾಲುಪಟ್ಟಿಯಲ್ಲಿ. ‘ರಂಗಪ್ಪ ಬಿನ್ ತಿಮ್ಮಪ್ಪ, ತಾರಣ ಸಂ॥ ಕಾರ್ತಿಕ ಶು॥’ ಅಂತಿದೆ. ಶಕವರ್ಷ ಇದ್ದ ಮೂಲೆಯನ್ನು ಗೆದ್ದಲು ತಿಂದಿದೆ. ನಮ್ಮಲ್ಲಿ ತಾತನ ಹೆಸರು ಮೊಮ್ಮಗನಿಗೆ, ಅಲ್ವಾ? ನನ್ನ ತಾತ ರಂಗಪ್ಪ, ಅವರಪ್ಪ ತಿಮ್ಮಪ್ಪ, ಅವರಪ್ಪ ಮತ್ತೆ ರಂಗಪ್ಪ, ಅವರಪ್ಪ ಮತ್ತೆ ತಿಮ್ಮಪ್ಪ! ಸಂವತ್ಸರವೂ ಹಾಗೇ, 60 ವರ್ಷಕ್ಕೊಮ್ಮೆ ಅದೇ ಹೆಸರು ತಿರುಗಿ ಬರುತ್ತದೆ. ತಾರಣ 1884ರಲ್ಲೂ ಬಂದಿತ್ತು, 1944ರಲ್ಲೂ ಬಂದಿತ್ತು. ಎರಡೂ ಸಲ ಒಬ್ಬೊಬ್ಬ ರಂಗಪ್ಪ ಬಿನ್ ತಿಮ್ಮಪ್ಪ ಬದುಕಿದ್ದ.

ಕಾಗದ ಹಳೇದಾದಷ್ಟೂ ಜಂಬ ಜಾಸ್ತಿ ನೋಡಿ, ನಾನು 1884 ಅಂತಲೇ ತೀರ್ಮಾನ ಮಾಡಿ ಮನೆಯವರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿಬಿಟ್ಟೆ. ಅತ್ತೆಯರೆಲ್ಲ ಕೈ ಮುಗಿದರು.

ಮುಂದಿನ ಸಲ ಊರಿಗೆ ಹೋದಾಗ ದೊಡ್ಡಪ್ಪ ಅದನ್ನು ಕನ್ನಡಕ ಹಣೆಗೇರಿಸಿ ಗಟ್ಟಿಯಾಗಿ ಓದಿದರು. ನಾನು ಹೆಸರುಗಳನ್ನಷ್ಟೇ ನೋಡಿದ್ದೆ, ಅವರು ಚಕ್ಕುಬಂದಿಯನ್ನೂ, ಅಂದರೆ ಹೊಲದ ನಾಲ್ಕು ದಿಕ್ಕಿನ ಗಡಿಯನ್ನೂ ಓದಿದರು. ಪಶ್ಚಿಮಕ್ಕೆ ಹಳ್ಳ, ಉತ್ತರಕ್ಕೆ ಬಂಡಿದಾರಿ, ಪೂರ್ವಕ್ಕೆ ರೈಲು ದಾರಿ. ಅಲ್ಲಿಗೆ ನಿಲ್ಲಿಸಿ ನನ್ನ ಮುಖ ನೋಡಿದರು. ‘ಗೇಟಿನ ಹೊಲ ಕಣೋ ಇದು!’

ಬೆಂಗಳೂರಿಂದ ಹೊರಟ ಹಳಿ 1884ರಲ್ಲಿ ಇನ್ನೂ ತುಮಕೂರಿನ ಆಸುಪಾಸಿನಲ್ಲಿತ್ತು. ಹರಿಹರ ಮುಟ್ಟುವಾಗ 1889. 1884ರಲ್ಲಿ ಬೀರೂರಿಗೆ ಯಾವ ರೈಲು ದಾರಿ?

ಆ ಹೊಲದಲ್ಲೇ ನಾನು ಬೆಳೆದದ್ದು. ಗೇಟು ಬಿದ್ದ ಸದ್ದಾದರೆ ಕಡಲೆಗಿಡ ಕೈಯಲ್ಲಿ ಹಿಡಿದೇ ಬದುವಿನ ಮೇಲೆ ಓಡಿಹೋಗಿ ನಿಂತು, ಡಬ್ಬಿ ಎಣಿಸಿ, ತಂಗಿಯ ಜೊತೆ ಒಂದು ಹೆಚ್ಚು ಒಂದು ಕಮ್ಮಿ ಅಂತ ಜಗಳ ಆಡುತ್ತಿದ್ದೆ. ಅಷ್ಟಿದ್ದೂ ಹೊಳೆಯಲಿಲ್ಲ.

ಗುಂಪಿನಲ್ಲಿ 1944 ಅಂತ ತಿದ್ದಿ ಹಾಕಿದೆ. ಈ ಸಲ ಯಾರೂ ಕೈ ಮುಗಿಯಲಿಲ್ಲ. ಹಿರಿಯ ರಂಗಪ್ಪನ ಪಕ್ಕ ಈಗ ಇಸವಿ ಇಲ್ಲ. ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಎತ್ತಿನ ಜೊತೆ ಗಂಟೆ ಬಾರಿಸಿಕೊಂಡು ವಂಶಾವಳಿ ಹೇಳುವ ಒಬ್ಬ ಹೆಳವ ಮನೆಬಾಗಿಲಿಗೆ ಬಂದು, ನಮ್ಮ ಹಿರೀಕರ ಹೆಸರೆಲ್ಲ ಒಪ್ಪಿಸಿ, ಅಜ್ಜಿಯಿಂದ ಮೊರದ ತುಂಬ ರಾಗಿ ಹಾಕಿಸಿಕೊಂಡು ಹೋಗಿದ್ದ. ನಾನು ಎತ್ತಿನ ಕೊಂಬು ನೋಡುತ್ತಾ ನಿಂತಿದ್ದೆ. ಅವರ ಕಡೆಯವರು ಈಗ ಯಾವ ಊರಿನಲ್ಲಿದ್ದಾರೆ ಅಂತ ದೊಡ್ಡಪ್ಪ ವಿಚಾರಿಸುತ್ತಿದ್ದಾರೆ.