ಗಂಡು ಬಳ್ಳಿ, ಹೆಣ್ಣು ಬಳ್ಳಿ: ಮನೆಯಲ್ಲಿ ಮಡಹಾಗಲ ಬೆಳೆದ ನನ್ನ ಅನುಭವ

ಮೊದಲ ವರ್ಷ ನನ್ನ ಚಪ್ಪರದ ತುಂಬ ಹಳದಿ ಹೂವು, ಆದರೆ ಒಂದೇ ಒಂದು ಕಾಯಿ ಇಲ್ಲ. ನೀರು ಕಡಿಮೆಯಾಯಿತೇ, ಗೊಬ್ಬರ ಹೆಚ್ಚಾಯಿತೇ ಎಂದು ತಿಂಗಳಿಡೀ ತಲೆ ಕೆಡಿಸಿಕೊಂಡಿದ್ದೆ. ಪಕ್ಕದ ಮನೆಗೆ ಖಾನಾಪುರದಿಂದ ಬಂದಿದ್ದ ಆಯಿ ಒಂದು ಸಂಜೆ ಹೂವನ್ನು ತಿರುಗಿಸಿ ನೋಡಿ, "ತಂಗಿ, ಈ ಮೂರೂ ಗಂಡು ಬಳ್ಳಿ. ಕಾಯಿ ಎಲ್ಲಿಂದ ಬರಬೇಕು?" ಎಂದರು.

ಮಳೆಗಾಲದಲ್ಲಿ ಬೆಳಗಾವಿಯ ಸಂತೆಗೆ ಬುಟ್ಟಿಯಲ್ಲಿ ಬರುವ, ಮೈತುಂಬ ಮೆತ್ತನೆಯ ಮುಳ್ಳಿರುವ ಕಾಯಿ ಇದು. ಮರಾಠಿ ಮನೆಗಳಲ್ಲಿ ಕರಟೋಲಿ ಎನ್ನುತ್ತಾರೆ. ಹಾಗಲ, ಹೀರೆ, ಕುಂಬಳಗಳಲ್ಲಿ ಎರಡೂ ಬಗೆಯ ಹೂವು ಒಂದೇ ಬಳ್ಳಿಯಲ್ಲಿ ಬಿಡುತ್ತವೆ. ಮಡಹಾಗಲ ತಾಳೆಮರದ ಹಾಗೆ: ಗಂಡು ಬೇರೆ ಗಿಡ, ಹೆಣ್ಣು ಬೇರೆ ಗಿಡ. ಬೀಜ ಬಿತ್ತಿದರೆ ಹೆಚ್ಚುಕಡಿಮೆ ಅರ್ಧದಷ್ಟು ಗಂಡೇ ಬರುತ್ತವೆ. ನಾನು ಹಣ್ಣಿನ ಬೀಜ ಬಿತ್ತಿದ್ದೆ. ಗಟ್ಟಿ ಸಿಪ್ಪೆಯ ಆ ಬೀಜಗಳಲ್ಲಿ ಮೊಳೆತದ್ದೇ ಮೂರು, ಮೂರೂ ಗಂಡಾದವು.

ಎಲೆ, ಕುಡಿ, ಬಳ್ಳಿಯ ದಪ್ಪ ನೋಡಿ ಗುರುತಿಸಲು ಸಾಕಷ್ಟು ಪ್ರಯತ್ನಪಟ್ಟೆ. ಆಗುವುದಿಲ್ಲ. ಮೊಗ್ಗು ಬರುವವರೆಗೆ ಕಾಯಲೇಬೇಕು. ಗಂಡು ಮೊಗ್ಗಿನ ಬುಡಕ್ಕೆ ಎಲೆಯಂಥ ಪುಟ್ಟ ಹಸಿರು ಟೊಪ್ಪಿಗೆ ಅಂಟಿಕೊಂಡಿರುತ್ತದೆ. ಅದನ್ನು ಸರಿಸಿದರೆ ಬರೀ ತೊಟ್ಟು. ಹೆಣ್ಣು ಮೊಗ್ಗಿನ ಹಿಂದೆ ಜೋಳದ ಕಾಳಿಗಿಂತ ಸ್ವಲ್ಪ ದೊಡ್ಡದಾದ ಹಸಿರು ಗುಂಡು ಇರುತ್ತದೆ. ಬೆರಳಾಡಿಸಿದರೆ ಎಳೆ ಮುಳ್ಳು ತಾಗುತ್ತದೆ. ಹೂವು ಅರಳುವ ಮೊದಲೇ ಕಾಯಿಯ ರೂಪ ಅಲ್ಲಿ ಸಿದ್ಧವಾಗಿರುತ್ತದೆ. ಎರಡನೆಯ ವರ್ಷ ಆಯಿ ಕೊಟ್ಟ ಗೆಡ್ಡೆಗಳ ಬಳ್ಳಿಯಲ್ಲಿ ಅದನ್ನು ಮೊದಲ ಸಲ ಮುಟ್ಟಿ ನೋಡಿದ ಸಂಜೆ ನನಗೆ ಇನ್ನೂ ನೆನಪಿದೆ.

ಗೆಡ್ಡೆಯ ದೊಡ್ಡ ಅನುಕೂಲವೆಂದರೆ ಹೆಣ್ಣು ಬಳ್ಳಿಯ ಗೆಡ್ಡೆಯಿಂದ ಹೆಣ್ಣೇ ಬರುತ್ತದೆ. ಆದರೆ ಗಂಡು ಬಳ್ಳಿಯಲ್ಲಿ ಕಾಯಿ ಬಿಡುವುದಿಲ್ಲವೆಂದು ಸಿಟ್ಟಿನಲ್ಲಿ ಕಿತ್ತೆಸೆಯುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಪರಾಗ ಸಿಗದ ಹೆಣ್ಣು ಹೂವಿನ ಗುಂಡು ಹಳದಿಯಾಗಿ ಉದುರಿಹೋಗುತ್ತದೆ. ಎಂಟು ಹತ್ತು ಹೆಣ್ಣು ಬಳ್ಳಿಗೆ ಒಂದು ಗಂಡು ಸಾಕು, ಆ ಒಂದು ಇರಲೇಬೇಕು.

ಮಡಹಾಗಲದ ಹೂವು ಅರಳುವುದು ದೀಪ ಹಚ್ಚುವ ಹೊತ್ತಿಗೆ. ಕಾಡಿನಲ್ಲಿ ರಾತ್ರಿ ಪತಂಗಗಳು ಪರಾಗ ಸಾಗಿಸುತ್ತವೆ. ಊರಿನ ನಡುವಿನ ಮಾಳಿಗೆಯಲ್ಲಿ ಅವುಗಳನ್ನು ನಂಬಿ ಕೂರಲಾಗದು. ಆದ್ದರಿಂದ ಸಂಜೆ ಏಳರ ಸುಮಾರಿಗೆ ನಾನೇ ಹತ್ತಿ ಹೋಗುತ್ತೇನೆ. ಆಗ ತಾನೇ ಅರಳಿದ ಗಂಡು ಹೂವು ಕಿತ್ತು, ಎಸಳು ಹರಿದು, ನಡುವಿನ ಕೇಸರವನ್ನು ಹೆಣ್ಣು ಹೂವಿನ ನಡುವಿನ ಅಂಟು ತುದಿಗೆ ಮೆಲ್ಲಗೆ ಸವರುತ್ತೇನೆ. ಒಂದು ಗಂಡು ಹೂವಿನಿಂದ ನಾಲ್ಕೈದು ಹೆಣ್ಣು ಹೂವುಗಳಿಗೆ ಆಗುತ್ತದೆ. ಜುಲೈ ತಿಂಗಳ ಜಡಿಮಳೆಯಲ್ಲಿ ಪರಾಗ ತೊಯ್ದು ಹಾಳಾಗುತ್ತಿತ್ತು. ಈಗ ಮೋಡ ಕವಿದ ದಿನ ಮಧ್ಯಾಹ್ನವೇ ಬಲಿತ ಗಂಡು ಮೊಗ್ಗುಗಳನ್ನು ಉದ್ದ ತೊಟ್ಟಿನ ಸಮೇತ ಕತ್ತರಿಸಿ ಅಡುಗೆಮನೆಯಲ್ಲಿ ಲೋಟದ ನೀರಿನಲ್ಲಿ ಇಡುತ್ತೇನೆ. ಸಂಜೆಗೆ ಅಲ್ಲೇ ಅರಳುತ್ತವೆ. ಕೊಡೆ ಹಿಡಿಯಲು ಮಗಳು ಬರುತ್ತಾಳೆ.

ಪರಾಗ ಸವರಿದ ಎರಡು ವಾರದೊಳಗೆ ಕಾಯಿ ಕೊಯ್ಯಬೇಕು. ತಡಮಾಡಿದರೆ ಬೀಜ ಬಲಿತು ಪಲ್ಯ ಕೆಡುತ್ತದೆ.

ಮಳೆಗಾಲ ಮುಗಿದು ಬಳ್ಳಿ ಒಣಗಿದ ಮೇಲೆ ಮಣ್ಣೊಳಗಿನ ಗೆಡ್ಡೆ ಗಂಡೋ ಹೆಣ್ಣೋ ಹೇಳುವವರಿಲ್ಲ. ಹೂವಿದ್ದಾಗಲೇ ಕುಂಡಕ್ಕೆ ದಾರ ಕಟ್ಟಿ ಗುರುತು ಮಾಡುತ್ತೇನೆ: ಹೆಣ್ಣಿಗೆ ಕೆಂಪು, ಗಂಡಿಗೆ ಬಿಳಿ. ಬೇಸಿಗೆಯಲ್ಲಿ ನೀರು ಹೆಚ್ಚು ಹಾಕಿದರೆ ಮಲಗಿದ ಗೆಡ್ಡೆ ಕೊಳೆಯುತ್ತದೆ. ಹಾಗೆ ಎರಡನ್ನು ಕಳೆದುಕೊಂಡಿದ್ದೇನೆ.

ಈ ಸಲ ರೋಹಿಣಿ ಮಳೆ ಬಿದ್ದ ಮೇಲೆ ಕೆಂಪು ದಾರದ ನಾಲ್ಕು ಕುಂಡಗಳಲ್ಲಿ ಚಿಗುರು ಬಂದಿದೆ. ಬಿಳಿ ದಾರದ್ದು ಇನ್ನೂ ಎದ್ದಿಲ್ಲ. ದಿನವೂ ಬೆಳಿಗ್ಗೆ ಮೊದಲು ಅದನ್ನೇ ಹೋಗಿ ನೋಡುತ್ತಿದ್ದೇನೆ.