ಬಚ್ಚಲೊಲೆಗೆ ಮರದ ಹೊಟ್ಟು, ಹುಬ್ಬು ಸುಟ್ಟುಕೊಳ್ಳದೆ

ಮೊದಲೇ ಹೇಳಿಬಿಡುತ್ತೇನೆ, ಉರಿಯುವ ಒಲೆಗೆ ಹೊಟ್ಟನ್ನು ಎರಚಬೇಡಿ. ಒಂದು ಮಳೆಗಾಲದ ಬೆಳಗ್ಗೆ ಹಂಡೆ ಒಲೆಯ ಮುಂದೆ ಕೂತಿದ್ದೆ, ಉರಿ ಸಣ್ಣಗಾಯಿತು ಅಂತ ಸಾಮಿಲ್ಲಿನಿಂದ ತಂದ ನುಣ್ಣನೆ ಹೊಟ್ಟನ್ನು ಒಂದು ಹಿಡಿ ಎಸೆದೆ. ಭಗ್ ಅಂತ ಬೆಂಕಿ ಒಲೆಬಾಯಿಂದ ಹೊರಗೇ ಬಂತು. ಹುಬ್ಬು ಸುಟ್ಟ ವಾಸನೆ ಎರಡು ದಿನ ಮೂಗಲ್ಲೇ ಇತ್ತು. ಪುಡಿ ಹಾರುವಾಗ ಒಂದೊಂದು ಕಣದ ಸುತ್ತಲೂ ಗಾಳಿ ಇರುತ್ತದೆ, ಎಲ್ಲ ಒಟ್ಟಿಗೇ ಹೊತ್ತಿಕೊಳ್ಳುತ್ತದೆ. ಅದೇ ಪುಡಿಯನ್ನು ಕೆಂಡದ ಮೇಲೆ ರಾಶಿ ಸುರಿದರೆ ಉಲ್ಟಾ, ಗಾಳಿ ಸಿಗದೆ ಬೆಂಕಿ ಕಟ್ಟಿಹೋಗಿ ಮನೆಯೆಲ್ಲಾ ಹೊಗೆ.

ಹೊಟ್ಟಿಗೆ ಅದರದೇ ಒಲೆ ಬೇಕು. ಖರ್ಚೇನಿಲ್ಲ, 15 ಕೆ.ಜಿ. ಎಣ್ಣೆ ಡಬ್ಬ ಸಾಕು. ಜಿಡ್ಡು ಹೋಗುವಂತೆ ತೊಳೆದು, ಮೇಲ್ಭಾಗ ಪೂರ್ತಿ ಕತ್ತರಿಸಿ, ಒಂದು ಬದಿಯಲ್ಲಿ ತಳದ ಹತ್ತಿರ 2–3 ಇಂಚಿನ ತೂತು ಮಾಡಿ. ಆ ತೂತಿನಿಂದ ಒಂದು ದಪ್ಪ ಕೋಲನ್ನು ಡಬ್ಬದ ನಡುವಿನವರೆಗೆ ತೂರಿಸಿ, ಅದರ ತುದಿಗೆ ತಾಗಿಸಿ ಒಂದು ಪೈಪನ್ನು ನೆಟ್ಟಗೆ ನಿಲ್ಲಿಸಿ, ಇನ್ನೊಬ್ಬರು ಹಿಡಿದುಕೊಂಡರೆ ಸುಲಭ. ಈಗ ಸುತ್ತಲೂ ನಾಲ್ಕು ಬೆರಳಷ್ಟು ಹೊಟ್ಟು ಹಾಕಿ ಗುದ್ದಿ, ಮತ್ತೆ ಹಾಕಿ ಗುದ್ದಿ. ಇಲ್ಲಿ ಸೋಮಾರಿತನ ಬೇಡ. ಸಡಿಲವಾಗಿ ತುಂಬಿದರೆ ಅರ್ಧ ಉರಿದಾಗ ಒಳಗೇ ಕುಸಿದು ದಾರಿ ಮುಚ್ಚುತ್ತದೆ. ತುಂಬಿದ ಮೇಲೆ ಪೈಪನ್ನು ಮೆಲ್ಲಗೆ ತಿರುಗಿಸುತ್ತಾ ಮೇಲಕ್ಕೆ ಎಳೆಯಿರಿ, ಆಮೇಲೆ ಕೋಲನ್ನು ಹೊರಗೆ ತೆಗೆಯಿರಿ.

ಕೆಳಗಿನ ತೂತಿಗೆ ಕಾಗದ, ಎರಡು ಸೀಳು ಸೌದೆ ಇಟ್ಟು ಹಚ್ಚಿ. ಸೀಮೆಎಣ್ಣೆ, ಪೆಟ್ರೋಲ್ ಬೇಡವೇ ಬೇಡ. ಬೆಂಕಿ ನಡುವಿನ ಬಿಲದಲ್ಲಿ ಮೇಲೇರಿ, ಒಳಗೋಡೆಯನ್ನು ಕೆಂಪಗೆ ತಿನ್ನುತ್ತಾ ಹೋಗುತ್ತದೆ, ಗಟ್ಟಿಯಾಗಿ ತುಂಬಿದ್ದರೆ ಕೆಲವು ಗಂಟೆ ಉರಿಯುತ್ತದೆ. ಪಾತ್ರೆಯನ್ನು ಡಬ್ಬದ ಮೇಲೆ ನೇರ ಇಡಬೇಡಿ. ತುಂಬಿದ ಹಂಡೆಯ ಭಾರವನ್ನು ತಗಡು ತಡೆಯುವುದಿಲ್ಲ, ಡಬ್ಬದ ಸುತ್ತ ಇಟ್ಟಿಗೆ ಜೋಡಿಸಿ ಅದರ ಮೇಲೆ ಕೂರಿಸಿ, ಡಬ್ಬದ ಬಾಯಿಗೂ ಹಂಡೆಯ ತಳಕ್ಕೂ ನಡುವೆ ಒಂದಿಂಚು ಸಂದು ಇರಲಿ. ಉರಿಯುವಾಗ ಮೇಲಿಂದ ಹೊಟ್ಟು ಹಾಕುವುದು, ಡಬ್ಬ ಅಲುಗಿಸುವುದು ಎರಡೂ ಬೇಡ.

ಹೊಟ್ಟು ಒಣಗಿರಲೇಬೇಕು. ಹಸಿ ಮರ ಕೊಯ್ದ ಹೊಟ್ಟಿನಲ್ಲಿ ತೂಕದ ಅರ್ಧದಷ್ಟು ನೀರೇ ಇರಬಹುದು, ಬಿಸಿಲಲ್ಲಿ ಹರಡಿ ಒಣಗಿಸಿ. ಮುಷ್ಟಿಯಲ್ಲಿ ಹಿಂಡಿ ಬಿಟ್ಟಾಗ ಉಂಡೆ ಹಾಗೇ ನಿಂತರೆ ಇನ್ನೂ ಹಸಿ ಅಂತಲೇ ಲೆಕ್ಕ. ಹಸಿದನ್ನೇ ಉರಿಸಿದರೆ ಚಿಮಣಿಯೊಳಗೆ ಅಂಟು ಮಸಿ ಕಟ್ಟುತ್ತದೆ, ಅದಕ್ಕೇ ಒಂದು ದಿನ ಬೆಂಕಿ ಹಿಡಿಯಬಹುದು.

ಚಕ್ಕೆಗಳಿಗೆ ಈ ಸರ್ಕಸ್ ಬೇಕಿಲ್ಲ. ಮಾಮೂಲಿ ಒಲೆಯಲ್ಲಿ ಸೌದೆ ಕೆಂಡವಾದ ಮೇಲೆ ಒಂದೊಂದು ಹಿಡಿ ಹಾಕಿದರಾಯಿತು.

ಪೀಠೋಪಕರಣದ ಅಂಗಡಿಯವರು ಬಿಟ್ಟಿ ಕೊಡುತ್ತಾರೆ ಅಂತ ಪ್ಲೈವುಡ್, ಎಂಡಿಎಫ್ (ಮರದ ನಾರನ್ನು ಅಂಟು ಹಾಕಿ ಒತ್ತಿ ಮಾಡಿದ ಹಲಗೆ) ಪುಡಿ ತರಬೇಡಿ. ಅದರಲ್ಲಿರುವ ಅಂಟಿನ ಹೊಗೆ ವಿಷ. ಪೇಂಟ್ ಬಳಿದ ಮರದ್ದೂ ಬೇಡ. ಅಗಸೆ ಎಣ್ಣೆ ಬಿದ್ದ ಹೊಟ್ಟಂತೂ ರಾಶಿಯಲ್ಲೇ ಬಿಸಿಯಾಗಿ ತಾನಾಗೇ ಹೊತ್ತಿಕೊಳ್ಳಬಲ್ಲದು.

ಇನ್ನು ಬಚ್ಚಲ ಬಾಗಿಲು. ಹೊಟ್ಟಿನ ಒಲೆ ಕೆಂಡವಾಗಿ ಉರಿಯುವಾಗ ಹೊಗೆ ಕಾಣುವುದಿಲ್ಲ, ಆದರೂ ಕಾರ್ಬನ್ ಮಾನಾಕ್ಸೈಡ್ ಬರುತ್ತಲೇ ಇರುತ್ತದೆ, ಅದಕ್ಕೆ ವಾಸನೆಯೂ ಇಲ್ಲ. ಒಲೆ ಹೊರಗೆ ಜಗಲಿಯಲ್ಲಿದ್ದರೆ ಒಳ್ಳೆಯದು. ಒಳಗೇ ಇಡುವುದಾದರೆ ಚಿಮಣಿ ಬೇಕು, ಕಿಟಕಿಯೂ ತೆರೆದಿರಬೇಕು. ಒಲೆ ಉರಿಯುವಾಗ ಬಾಗಿಲು ಹಾಕಿಕೊಂಡು ಸ್ನಾನಕ್ಕೆ ಕೂರುವುದು ಬೇಡ. ತಲೆ ಭಾರ, ವಾಕರಿಕೆ ಅನಿಸಿದರೆ ಎಲ್ಲ ಬಿಟ್ಟು ಹೊರಗೆ ಬನ್ನಿ.

ಬೂದಿ ಮೇಲೆ ತಣ್ಣಗಿದ್ದರೂ ಮರುದಿನವೂ ಒಳಗೆ ಕೆಂಡ ಇರಬಹುದು. ಪ್ಲಾಸ್ಟಿಕ್ ಬಕೆಟ್ಟಿಗೆ ತುಂಬಬೇಡಿ, ಕಬ್ಬಿಣದ ಬಾಂಡ್ಲಿಯಲ್ಲಿ ಹೊರಗಿಡಿ, ಪೂರ್ತಿ ಆರಿದ ಮೇಲೆ ತೆಂಗಿನ ಬುಡಕ್ಕೆ ಹಾಕಿ.