ಹ್ಯಾಮ್ ರೇಡಿಯೋ ಪವರ್ ಸಪ್ಲೈಯ ಫ್ಯಾನ್ ಸದ್ದನ್ನು ತಗ್ಗಿಸುವ ಕ್ರಮ

ಹ್ಯಾಮ್ (ಹವ್ಯಾಸಿ ರೇಡಿಯೋ) ಬಳಕೆದಾರರ ಟ್ರಾನ್ಸ್‌ಸೀವರ್‌ಗೆ, ಅಂದರೆ ಸಿಗ್ನಲ್ ಕಳಿಸುವ ಮತ್ತು ಪಡೆಯುವ ಉಪಕರಣಕ್ಕೆ, 13.8 ವೋಲ್ಟ್ ಒದಗಿಸುವ ಎಸ್‌ಎಂಪಿಎಸ್ (ಸ್ವಿಚಿಂಗ್ ಬಗೆಯ ಪವರ್ ಸಪ್ಲೈ) ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿ 60 ಅಥವಾ 80 ಮಿಲಿಮೀಟರ್ ಅಳತೆಯ ಫ್ಯಾನ್ ಇರುತ್ತದೆ. ಕ್ಷೀಣವಾದ ಸಿಗ್ನಲ್ಲಿಗೆ ಕಿವಿಗೊಟ್ಟು ಕೂತಾಗ ಅದರ ಸದ್ದು ಬಲು ಕಿರಿಕಿರಿ. ಹಲವರು ನೇರವಾಗಿ ವೇಗ ತಗ್ಗಿಸಲು ಹೊರಡುತ್ತಾರೆ; ಅದು ಕೊನೆಯ ಹೆಜ್ಜೆಯಾಗಬೇಕೇ ಹೊರತು ಮೊದಲನೆಯದಲ್ಲ.

ಪೆಟ್ಟಿಗೆ ತೆರೆಯುವ ಮುನ್ನ ಪ್ಲಗ್ ಕಿತ್ತಿಡಿ. ನಮ್ಮ 230 ವೋಲ್ಟ್ ವಿದ್ಯುತ್ತು ರೆಕ್ಟಿಫೈ ಆದಾಗ (ಎಸಿಯಿಂದ ಡಿಸಿಗೆ ಬದಲಾದಾಗ) ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ ಸುಮಾರು 325 ವೋಲ್ಟ್ ಡಿಸಿ ತುಂಬಿರುತ್ತದೆ. ಹತ್ತಾರು ನಿಮಿಷ ಕಾದು, ಅದು ಇಳಿದಿದೆಯೆಂದು ಮಲ್ಟಿಮೀಟರಿನಲ್ಲಿ ಖಚಿತಪಡಿಸಿಕೊಂಡ ಮೇಲೆಯೇ ಕೈಹಾಕಿ. ಪ್ರಸಾರದ ಶಕ್ತಿ ಹೆಚ್ಚಿಸುವ, ವಾಲ್ವ್ (ನಿರ್ವಾತ ನಳಿಕೆ) ಇರುವ ಲೀನಿಯರ್ ಆಂಪ್ಲಿಫೈಯರಿಗೆ ಈ ಕ್ರಮವನ್ನು ಅನ್ವಯಿಸಬೇಡಿ. ಅಲ್ಲಿ ಗಾಳಿ ಕಡಿಮೆಯಾದರೆ ವಾಲ್ವೇ ಹೋಗುತ್ತದೆ.

ಮೊದಲು ಸದ್ದಿನ ಬಗೆಯನ್ನು ಗುರುತಿಸಿ. ಪೆಟ್ಟಿಗೆಯನ್ನು ಮೇಲಿನಿಂದ ಅಂಗೈಯಲ್ಲಿ ಒತ್ತಿದಾಗ ಸದ್ದು ಬದಲಾದರೆ ಅದು ತಗಡಿನ ಅದಿರಾಟ. ಫ್ಯಾನಿನ ಸ್ಕ್ರೂ ತೆಗೆದು ನಾಲ್ಕು ಮೂಲೆಗಳಿಗೂ ರಬ್ಬರ್ ವಾಷರ್ ಹಾಕಿದರೆ ಬಹುತೇಕ ನಿಲ್ಲುತ್ತದೆ. ಕರಕರ ಸದ್ದಾದರೆ ಬೇರಿಂಗ್ ಒಣಗಿದೆ ಅಥವಾ ಸವೆದಿದೆ. ಎಲೆಗಳಿಗೆ ಧೂಳು ಮೆತ್ತಿದ್ದರೂ ತೂಕ ಏರುಪೇರಾಗಿ ಫ್ಯಾನ್ ನಡುಗುತ್ತದೆ. ಬ್ರಷ್‌ನಿಂದ ಧೂಳು ತೆಗೆಯುವಾಗ ಎಲೆಯನ್ನು ಬೆರಳಿನಲ್ಲಿ ಹಿಡಿದಿರಿ. ಬ್ಲೋವರ್ ಗಾಳಿಗೆ ಅದನ್ನು ಗಿರಗಿರನೆ ತಿರುಗಲು ಬಿಟ್ಟರೆ ಬೇರಿಂಗಿಗೇ ಪೆಟ್ಟು.

ಸ್ಲೀವ್ ಬೇರಿಂಗ್ (ಗುಂಡುಗಳಿಲ್ಲದ, ಕೊಳವೆಯಂಥ ಬೇರಿಂಗ್) ಇರುವ ಫ್ಯಾನಾದರೆ ಹಿಂಬದಿಯ ಲೇಬಲನ್ನು ಮೆಲ್ಲಗೆ ಎತ್ತಿ, ಕೆಳಗೆ ರಬ್ಬರ್ ಮುಚ್ಚಳವಿದ್ದರೆ ತೆಗೆದು, ಹೊಲಿಗೆ ಯಂತ್ರದ ಎಣ್ಣೆ ಒಂದೆರಡು ಹನಿ ಬಿಡಬಹುದು. ತುಕ್ಕು ಬಿಡಿಸುವ ಸ್ಪ್ರೇ ಬೇಡ, ಅದು ಬೇಗ ಆರಿಹೋಗುತ್ತದೆ. ಎಲೆ ಅತ್ತಿತ್ತ ಆಡುವಷ್ಟು ಸವೆದಿದ್ದರೆ ಎಣ್ಣೆಯೂ ನಾಲ್ಕು ದಿನದ ಮಾತು. ಬೆಂಗಳೂರಿನ ಎಸ್‌ಪಿ ರಸ್ತೆಯಂಥ ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳ ಮಾರುಕಟ್ಟೆಯಲ್ಲಿ ಸಿಗುವ ಬಾಲ್ ಬೇರಿಂಗ್ ಫ್ಯಾನನ್ನೇ ಹಾಕುವುದು ಲೇಸು. ಕೊಳ್ಳುವಾಗ ದಪ್ಪ, ವೋಲ್ಟೇಜು ಮತ್ತು ಕರೆಂಟ್ ಹಳೆಯದಕ್ಕೆ ಹೊಂದಬೇಕು. ಜೋಡಿಸುವಾಗ ಗಾಳಿಯ ದಿಕ್ಕು ತೋರುವ ಬಾಣವನ್ನು ನೋಡಿಕೊಳ್ಳಿ.

ಇಷ್ಟಾದರೂ ಗಾಳಿಯ ಭೋರೆಂಬ ಸದ್ದು ಉಳಿದರೆ ಮಾತ್ರ ವೇಗಕ್ಕೆ ಕೈಹಾಕಿ. 12 ವೋಲ್ಟ್, 0.15 ಆಂಪಿಯರ್ ಫ್ಯಾನ್ ನೇರ 13.8 ವೋಲ್ಟಿನಲ್ಲಿ ಓಡುತ್ತಿದ್ದರೆ, ಅದಕ್ಕೆ ಸರಣಿಯಲ್ಲಿ 33 ಓಮ್, 2 ವ್ಯಾಟ್ ರೆಸಿಸ್ಟರ್ ಸೇರಿಸಿದಾಗ ಸ್ಥೂಲ ಲೆಕ್ಕದಲ್ಲಿ 9.8 ವೋಲ್ಟ್ ಉಳಿಯುತ್ತದೆ. ವೇಗ ಶೇ. 70ರ ಆಸುಪಾಸಿಗೆ ಇಳಿದು ಸದ್ದು ಸುಮಾರು 7 ಡೆಸಿಬೆಲ್ ತಗ್ಗುತ್ತದೆ. ಗಾಳಿಯೂ ಹೆಚ್ಚುಕಡಿಮೆ ಮೂರರಲ್ಲಿ ಒಂದು ಪಾಲು ಕಡಿಮೆಯಾಗುತ್ತದೆ ಎಂಬುದನ್ನು ಮರೆಯಬಾರದು. ಆದ್ದರಿಂದ 50 ಡಿಗ್ರಿಯಲ್ಲಿ ಕೂಡಿಕೊಳ್ಳುವ ಥರ್ಮಲ್ ಸ್ವಿಚ್ಚೊಂದನ್ನು ರೆಸಿಸ್ಟರಿಗೆ ಸಮಾಂತರವಾಗಿ ಬೆಸೆದು, ಅದನ್ನು ಔಟ್‌ಪುಟ್ ಬದಿಯ ಹೀಟ್ ಸಿಂಕಿಗೆ (ಶಾಖ ಹೊರಹಾಕುವ ಲೋಹದ ಭಾಗ) ಅಂಟಿಸಿ. ಬಿಸಿಯೇರಿದಾಗ ರೆಸಿಸ್ಟರ್ ಬೈಪಾಸ್ ಆಗಿ ಫ್ಯಾನ್ ಪೂರ್ಣ ವೇಗಕ್ಕೆ ಮರಳುತ್ತದೆ. ಇನ್‌ಪುಟ್ ಬದಿಯ ಹೀಟ್ ಸಿಂಕಿನಲ್ಲಿ ಮೇನ್ಸ್ ವಿದ್ಯುತ್ತೇ ಇರಬಹುದಾದ ಕಾರಣ ಅತ್ತ ಯಾವ ತಂತಿಯನ್ನೂ ಒಯ್ಯಬೇಡಿ. ಫ್ಯಾನಿಗೆ ಮೂರು ತಂತಿಗಳಿದ್ದು, ಮೂರನೆಯದರಿಂದ ಉಪಕರಣವೇ ವೇಗವನ್ನು ಗಮನಿಸುತ್ತಿದ್ದರೆ ಈ ರೆಸಿಸ್ಟರ್ ಉಪಾಯ ಬೇಡ.

ಬದಲಾವಣೆಗೆ ಮೊದಲು ಮತ್ತು ನಂತರ ಒಂದೇ ಬಗೆಯ ಲೋಡಿನಲ್ಲಿ ಶಾಖವನ್ನು ಅಳೆಯಿರಿ. ಎಸ್‌ಎಸ್‌ಬಿ (ಹ್ಯಾಮ್‌ಗಳ ಒಂದು ಧ್ವನಿ ಪ್ರಸಾರ ವಿಧಾನ) ಮಾತುಕತೆ ಹಗುರವಾದ ಪರೀಕ್ಷೆ. ಆಂಟೆನಾ ಬದಲು ಡಮ್ಮಿ ಲೋಡ್ (ಪ್ರಸಾರದ ಶಕ್ತಿಯನ್ನು ಹೀರುವ ರೆಸಿಸ್ಟರ್) ಹಾಕಿ ಎಫ್‌ಟಿ8 ಎಂಬ ಡಿಜಿಟಲ್ ವಿಧಾನದಲ್ಲಿ ಅಥವಾ ಎಫ್‌ಎಂನಲ್ಲಿ ಪ್ರಸಾರ ಮಾಡಿದರೆ ನಿಜಸ್ಥಿತಿ ತಿಳಿಯುತ್ತದೆ. ಇನ್‌ಫ್ರಾರೆಡ್ ಥರ್ಮಾಮೀಟರ್ ಹೊಳೆಯುವ ಅಲ್ಯೂಮಿನಿಯಂನ ಶಾಖವನ್ನು ಕಡಿಮೆ ತೋರಿಸುವುದರಿಂದ, ಪ್ಲಗ್ ಕಿತ್ತಿದ್ದಾಗಲೇ ಹೀಟ್ ಸಿಂಕಿಗೆ ಕಪ್ಪು ಟೇಪಿನ ತುಂಡೊಂದನ್ನು ಅಂಟಿಸಿ ಅದರ ಮೇಲೆ ಗುರಿಯಿಡಿ. ತಣ್ಣಗಿರುವಾಗ ಸ್ವಿಚ್ ಹಾಕಿದೊಡನೆ ಫ್ಯಾನ್ ತಾನಾಗಿ ಹೊರಡುತ್ತದೆಯೇ ಎಂಬುದನ್ನೂ ಪರೀಕ್ಷಿಸಿ. ತಡವರಿಸಿದರೆ 33ರ ಬದಲು 22 ಓಮ್ ಬಳಸಿ.